ಗಡಿಯಾರ ನಿಂತದ್ದೇಕೆ, ರಾಕೆಟ್ ಏರಿದ್ದೇಕೆ?

2016ರ ಅಕ್ಟೋಬರ್ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟ ಕೈಗೊಂಡ ಒಂದು ತೀರ್ಮಾನ ಕನ್ನಡಿಗರ ಪಾಲಿಗೆ ಕೇವಲ ಆಡಳಿತಾತ್ಮಕ ಸಂಗತಿಯಾಗಿರಲಿಲ್ಲ. ಎಚ್‌ಎಂಟಿಗೆ ಸೇರಿದ್ದ, ಬೆಂಗಳೂರು ಹಾಗೂ ತುಮಕೂರಿನಲ್ಲಿದ್ದ ಸುಮಾರು 208 ಎಕರೆ ಭೂಮಿಯನ್ನು ಬಾಹ್ಯಾಕಾಶ ಇಲಾಖೆಗೆ ಹಸ್ತಾಂತರಿಸಲು ಅಂದು ಒಪ್ಪಿಗೆ ದೊರೆಯಿತು. ಅದೇ ವರ್ಷದ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ನಿರ್ಧಾರಕ್ಕೆ ಅಧಿಕೃತ ಮುದ್ರೆ ಬಿದ್ದಿತ್ತು. ದೇಶಕ್ಕೆ ಸಮಯ ಹೇಳುತ್ತಿದ್ದ ಸಂಸ್ಥೆಯ ನೆಲ, ದೇಶವನ್ನು ಆಕಾಶಕ್ಕೆ ಏರಿಸಿದ ಸಂಸ್ಥೆಯ ಕೈಸೇರಿತು.

ಇದನ್ನು ಒಂದು ಜಮೀನು ವ್ಯವಹಾರವೆಂದು ಬದಿಗಿಡಬಹುದು. ಆದರೆ ಸ್ವಲ್ಪ ನಿಂತು ಯೋಚಿಸಿದರೆ, ಸ್ವತಂತ್ರ ಭಾರತದ ಸಾಂಸ್ಥಿಕ ಬದುಕಿನ ಅತ್ಯಂತ ಮುಖ್ಯವಾದ ಪ್ರಶ್ನೆಯೊಂದು ಆ ಕ್ರಯಪತ್ರದಲ್ಲಿ ಅಡಗಿದೆ ಎನಿಸದಿರದು. ಎರಡೂ ಸಂಸ್ಥೆಗಳು ಸರ್ಕಾರದವು. ಎರಡರ ಕೇಂದ್ರವೂ ಬೆಂಗಳೂರು. ಎರಡೂ ಒಂದೇ ಎಂಜಿನಿಯರಿಂಗ್ ಕಾಲೇಜುಗಳ ಪದವೀಧರರನ್ನು, ಒಂದೇ ಮಧ್ಯಮ ವರ್ಗದ ಕುಟುಂಬಗಳ ಮಕ್ಕಳನ್ನು ಸೇರಿಸಿಕೊಂಡವು. ಎರಡೂ ಸ್ವಾವಲಂಬನೆಯೆಂಬ ಒಂದೇ ಮಂತ್ರವನ್ನು ಜಪಿಸುತ್ತಾ ಬೆಳೆದವು. ಜಾಲಹಳ್ಳಿಯ ಗಡಿಯಾರ ಕಾರ್ಖಾನೆಗೂ, ದೇಶದ ಮೊದಲ ಉಪಗ್ರಹ ಸಿದ್ಧವಾದ ಪೀಣ್ಯದ ಷೆಡ್ಡುಗಳಿಗೂ ನಡುವೆ ಇದ್ದ ದೂರ ಕೆಲವೇ ಕಿಲೋಮೀಟರು. ಹೀಗಿದ್ದೂ ಒಂದು ಕುಸಿಯಿತು, ಇನ್ನೊಂದು ಏರಿತು. ಏಕೆ?

‘ಸರ್ಕಾರಿ ಸಂಸ್ಥೆಯಲ್ಲವೇ, ಹಾಗೇ ಆಗುವುದು’ ಎಂಬ ಉತ್ತರ ಇಲ್ಲಿ ಸಲ್ಲದು. ಇಸ್ರೊ ಕೂಡ ಸರ್ಕಾರಿ ಸಂಸ್ಥೆಯೇ. ‘ಕಾರ್ಮಿಕರು ಸೋಮಾರಿಗಳು, ಸಂಘಗಳು ಹಾಳು ಮಾಡಿದವು’ ಎಂಬ ಮತ್ತೊಂದು ಸಿದ್ಧ ಉತ್ತರವೂ ನಿಲ್ಲುವುದಿಲ್ಲ. ಎಚ್‌ಎಂಟಿಯ ಕುಶಲಕರ್ಮಿಗಳ ಕೈಯಲ್ಲಿ ತಯಾರಾದ ಜನತಾ, ಪೈಲಟ್, ಕೋಹಿನೂರ್ ಗಡಿಯಾರಗಳು ಇಂದಿಗೂ ನಡೆಯುತ್ತಿವೆ. ಹವ್ಯಾಸಿಗಳು ಅವನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಕೆಟ್ಟ ಕೈಗಳು ಐವತ್ತು ವರ್ಷ ಓಡುವ ಗಡಿಯಾರವನ್ನು ಮಾಡಲಾರವು. ಹಾಗಾದರೆ ವ್ಯತ್ಯಾಸವನ್ನು ಕಾರ್ಖಾನೆಯ ಅಂಗಳದಲ್ಲಿ ಅಲ್ಲ, ಅದರ ಮೇಲಿನ ಮಹಡಿಯಲ್ಲಿ, ದಿಕ್ಕು ನಿರ್ಧಾರವಾಗುವ ಕೊಠಡಿಗಳಲ್ಲಿ ಹುಡುಕಬೇಕಾಗುತ್ತದೆ.

ಮೊದಲು ಎಚ್‌ಎಂಟಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ತಾಂತ್ರಿಕ ಸಹಯೋಗದೊಂದಿಗೆ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್‌ನ ಮೂಲ ಉದ್ದೇಶ ಗಡಿಯಾರವಲ್ಲ, ಯಂತ್ರಗಳನ್ನು ತಯಾರಿಸುವ ಯಂತ್ರ. ಲೇತ್, ಮಿಲ್ಲಿಂಗ್ ಯಂತ್ರಗಳಿಲ್ಲದೆ ಯಾವ ಕೈಗಾರಿಕೆಯೂ ಇಲ್ಲ. ಆ ಮಟ್ಟಿಗೆ ಅದು ದೇಶದ ಕೈಗಾರಿಕೆಗಳ ತಾಯಿಬೇರು. ಆರಂಭದ ಎರಡು ದಶಕಗಳಲ್ಲಿ ಅದರ ನಡೆಯಲ್ಲಿ ಅಪೂರ್ವವಾದ ಸ್ಪಷ್ಟತೆಯಿತ್ತು. ವಿದೇಶಿ ನೆರವಿಗೆ ಕೈಚಾಚದೆ, ತನ್ನದೇ ಗಳಿಕೆಯ ಉಳಿತಾಯದಿಂದ ಅದು ಬೆಂಗಳೂರಿನಲ್ಲಿ ಎರಡನೆಯ ಕಾರ್ಖಾನೆಯನ್ನು ಕಟ್ಟಿತು. ಪಿಂಜೋರ್, ಕಳಮಶ್ಯೇರಿ, ಹೈದರಾಬಾದ್ ಘಟಕಗಳು ಒಂದರ ಹಿಂದೊಂದು ಬಂದವು. ಎಸ್. ಎಂ. ಪಾಟೀಲರಂಥ ಎಂಜಿನಿಯರ್-ಆಡಳಿತಗಾರರು ದೀರ್ಘ ಕಾಲ ಚುಕ್ಕಾಣಿ ಹಿಡಿದಿದ್ದರು. ಸಾರ್ವಜನಿಕ ಉದ್ದಿಮೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಅಂದು ಬೆರಳು ತೋರಿಸಲು ಇದ್ದ ವಿಳಾಸ ಜಾಲಹಳ್ಳಿ.

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಗಡಿಯಾರ ತಯಾರಿಕೆ ಆರಂಭವಾಯಿತು. ಅದು ಎಂಥ ಯಶಸ್ಸು ಕಂಡಿತೆಂಬುದನ್ನು ಈ ತಲೆಮಾರಿಗೆ ವಿವರಿಸುವುದು ಕಷ್ಟ. ಮಗ ಎಸ್ಎಸ್ಎಲ್‌ಸಿ ಪಾಸಾದರೆ ಎಚ್‌ಎಂಟಿ, ಅಳಿಯನಿಗೆ ಮದುವೆಯಲ್ಲಿ ಎಚ್‌ಎಂಟಿ, ನಿವೃತ್ತರಾದ ಮೇಷ್ಟರಿಗೆ ಬೀಳ್ಕೊಡುಗೆಯಾಗಿಯೂ ಎಚ್‌ಎಂಟಿ. ಬೇಡಿಕೆಯೇ ಪೂರೈಕೆಯನ್ನು ಮೀರಿತ್ತು. ಗಿರಾಕಿ ಕಾಯುತ್ತಿದ್ದ, ಕಾರ್ಖಾನೆ ಕೊಡುತ್ತಿತ್ತು. ದುರಂತದ ಬೀಜ ಬಿದ್ದದ್ದು ಈ ವೈಭವದ ದಿನಗಳಲ್ಲಿಯೇ.

1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಕೀಲಿ ಕೊಡುವ ಅಗತ್ಯವಿಲ್ಲದ, ಹೆಚ್ಚು ನಿಖರವಾದ, ಮುಂದೆ ಬಹಳ ಅಗ್ಗವೂ ಆದ ಈ ತಂತ್ರಜ್ಞಾನ ಸ್ವಿಟ್ಜರ್ಲೆಂಡಿನಂಥ ದೇಶವನ್ನೇ ಅಲುಗಾಡಿಸಿತು. 1970ರಲ್ಲಿ ಸುಮಾರು 90 ಸಾವಿರ ಮಂದಿಗೆ ಉದ್ಯೋಗ ಕೊಟ್ಟಿದ್ದ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಒಂದೂವರೆ ದಶಕದೊಳಗೆ ಅದರ ಅರ್ಧಕ್ಕಿಂತ ಕಡಿಮೆ ಜನ ಉಳಿದರು. ಸ್ವಿಸ್ಸರು ಪಾಠ ಕಲಿತು, 1983ರಲ್ಲಿ ಪ್ಲಾಸ್ಟಿಕ್ ಕವಚದ ಸ್ವಾಚ್ ಗಡಿಯಾರದೊಂದಿಗೆ ಮರಳಿ ಎದ್ದರು.

ಎಚ್‌ಎಂಟಿಗೆ ಈ ಬದಲಾವಣೆ ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. 1980ರ ದಶಕದ ಆರಂಭದಲ್ಲಿಯೇ ಅದು ತನ್ನದೇ ಕ್ವಾರ್ಟ್ಜ್ ಗಡಿಯಾರವನ್ನು ಹೊರತಂದಿತ್ತು. ಅಂದರೆ ಕೊರತೆಯಿದ್ದದ್ದು ತಿಳಿವಳಿಕೆಯದ್ದಲ್ಲ, ಕೌಶಲದ್ದೂ ಅಲ್ಲ. ಕ್ವಾರ್ಟ್ಜ್ ಅನ್ನು ತನ್ನ ಭವಿಷ್ಯವೆಂದು ಒಪ್ಪಿಕೊಂಡು, ಯಾಂತ್ರಿಕ ಗಡಿಯಾರದ ಮೇಲೆ ಹೂಡಿದ್ದ ಬಂಡವಾಳ, ಹೆಮ್ಮೆ, ಅಭ್ಯಾಸಗಳನ್ನು ಹಂತ ಹಂತವಾಗಿ ಬಿಟ್ಟುಕೊಡುವ ನಿರ್ಧಾರವನ್ನು ತೆಗೆದುಕೊಳ್ಳುವವರು ಇರಲಿಲ್ಲ. ಕೀಲಿ ಗಡಿಯಾರಕ್ಕೆ ಇನ್ನೂ ಬೇಡಿಕೆಯಿತ್ತು. ಇಂದಿನ ಮಾರಾಟ ನಾಳೆಯ ಪ್ರಶ್ನೆಯನ್ನು ಮರೆಸಿತು. ಕಳ್ಳಸಾಗಣೆಯ ಮೂಲಕ ಬರುತ್ತಿದ್ದ ವಿದೇಶಿ ಗಡಿಯಾರಗಳು ಭಾರತೀಯ ಗ್ರಾಹಕನ ಅಭಿರುಚಿ ಬದಲಾಗುತ್ತಿದೆಯೆಂದು ಸಾರಿ ಹೇಳುತ್ತಿದ್ದವು. ಆ ಸಾಕ್ಷ್ಯವನ್ನು ಕಸ್ಟಮ್ಸ್ ಇಲಾಖೆಯ ಸಮಸ್ಯೆಯೆಂದು ಭಾವಿಸಲಾಯಿತೇ ಹೊರತು ಕಾರ್ಖಾನೆಯ ಸಮಸ್ಯೆಯೆಂದಲ್ಲ.

ಆ ಪ್ರಶ್ನೆಗೆ ಉತ್ತರ ಕಂಡುಕೊಂಡವರು ನಲವತ್ತು ಕಿಲೋಮೀಟರು ದೂರದ ಹೊಸೂರಿನಲ್ಲಿದ್ದರು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾಭಿವೃದ್ಧಿ ನಿಗಮ ಸೇರಿ ಸ್ಥಾಪಿಸಿದ ಟೈಟನ್, ಕ್ಸೆರ್ಕ್ಸಸ್ ದೇಸಾಯಿಯವರ ನೇತೃತ್ವದಲ್ಲಿ ಕ್ವಾರ್ಟ್ಜ್ ಮೇಲೆಯೇ ಪಣ ತೊಟ್ಟಿತು. ಗಡಿಯಾರವೆಂದರೆ ಸಮಯ ನೋಡುವ ಸಾಧನವಷ್ಟೇ ಅಲ್ಲ, ಕೈಗೊಂದು ಒಡವೆ, ಕೊಡಲೊಂದು ಉಡುಗೊರೆ ಎಂಬುದು ಅದರ ತಿಳಿವಳಿಕೆಯಾಗಿತ್ತು. ಅಂದವಾದ ಮಳಿಗೆ, ವೈವಿಧ್ಯಮಯ ವಿನ್ಯಾಸ, ಮೊಜಾರ್ಟ್ ಸಂಗೀತದ ಜಾಹೀರಾತು ಎಲ್ಲವೂ ಆ ಒಂದು ತಿಳಿವಳಿಕೆಯಿಂದ ಹೊರಟವು. ಟೈಟನ್ ಕೂಡ ಎಡವಿತು. ಯುರೋಪಿನ ಮಾರುಕಟ್ಟೆಗೆ ನುಗ್ಗಿ ಕೈಸುಟ್ಟುಕೊಂಡಿತು. ಆಭರಣ ವ್ಯಾಪಾರದ ಮೊದಲ ವರ್ಷಗಳು ನಷ್ಟದಲ್ಲಿ ಕಳೆದವು. ಆದರೆ ತಪ್ಪನ್ನು ತಪ್ಪೆಂದು ಒಪ್ಪಿ ತಿದ್ದಿಕೊಳ್ಳುವ ಅಧಿಕಾರ ಆ ಸಂಸ್ಥೆಯೊಳಗೇ ಇತ್ತು.

ಎಚ್‌ಎಂಟಿಯಲ್ಲಿ ಇಲ್ಲದೇ ಹೋದದ್ದು ಈ ಅಧಿಕಾರವೇ. ಹೆಸರಿಗೆ ಅಧ್ಯಕ್ಷರು, ನಿರ್ದೇಶಕ ಮಂಡಲಿ ಎಲ್ಲವೂ ಇದ್ದರೂ ನಿಜವಾದ ನಿರ್ಧಾರಗಳ ಎಳೆ ದೆಹಲಿಯ ಸಚಿವಾಲಯದಲ್ಲಿತ್ತು. ಸಚಿವಾಲಯಕ್ಕೆ ಗಡಿಯಾರಕ್ಕಿಂತ ಬೇರೆಯ ಚಿಂತೆಗಳಿದ್ದವು. ಶ್ರೀನಗರದಲ್ಲಿ ಉದ್ಯೋಗ ಸೃಷ್ಟಿಯಾಗಬೇಕಿತ್ತು. ಹಿಮಾಲಯದ ತಪ್ಪಲಿನ ರಾಣೀಬಾಗ್‌ನಲ್ಲಿ ಕಾರ್ಖಾನೆ ಬೇಕಿತ್ತು. ರೋಗಗ್ರಸ್ತವಾಗಿದ್ದ ಅಜ್ಮೀರದ ಮೆಷಿನ್ ಟೂಲ್ ಕಾರ್ಖಾನೆಯನ್ನೂ, ಹೈದರಾಬಾದಿನ ಪ್ರಾಗಾ ಟೂಲ್ಸ್ ಅನ್ನೂ ಯಾರಾದರೂ ವಹಿಸಿಕೊಳ್ಳಬೇಕಿತ್ತು. ಯಂತ್ರ, ಗಡಿಯಾರದ ಜೊತೆಗೆ ಟ್ರ್ಯಾಕ್ಟರ್, ಮುದ್ರಣ ಯಂತ್ರ, ವಿದ್ಯುತ್ ದೀಪ, ಬೇರಿಂಗ್ ಎಲ್ಲವೂ ಎಚ್‌ಎಂಟಿಯ ಹೆಗಲೇರಿದವು. ಇವುಗಳಲ್ಲಿ ಪ್ರತಿಯೊಂದಕ್ಕೂ ಸಮರ್ಥನೆಯಿತ್ತು. ಹಿಂದುಳಿದ ಪ್ರದೇಶಕ್ಕೆ ಕೈಗಾರಿಕೆ ಹೋಗಬೇಕೆನ್ನುವುದು ಕೆಟ್ಟ ಆಶಯವಲ್ಲ. ಆದರೆ ಹತ್ತು ಒಳ್ಳೆಯ ಆಶಯಗಳ ಮೊತ್ತ ಒಂದು ಒಳ್ಳೆಯ ದಿಕ್ಕಾಗುವುದಿಲ್ಲ. ಎಲ್ಲರ ಮಾತಿಗೂ ಹೂಂ ಎನ್ನುವ ಸಂಸ್ಥೆಗೆ ತನ್ನದೆನ್ನುವ ಮಾತು ಉಳಿಯುವುದಿಲ್ಲ. 1991ರಲ್ಲಿ ಆರ್ಥಿಕ ಉದಾರೀಕರಣದ ಬಾಗಿಲು ತೆರೆದಾಗ, ತಾನು ಯಾವುದಕ್ಕಾಗಿ ಇದ್ದೇನೆ ಎಂಬ ಪ್ರಶ್ನೆಗೆ ಎಚ್‌ಎಂಟಿಯ ಬಳಿ ಒಂದು ಉತ್ತರವಿರಲಿಲ್ಲ, ಹಲವು ಉತ್ತರಗಳಿದ್ದವು.

ಈಗ ಇಸ್ರೊದ ಕಡೆಗೆ ತಿರುಗೋಣ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿದಾಗ ಅದು ಅಮೆರಿಕದ್ದು. ಬಡ ದೇಶಕ್ಕೆ ಬಾಹ್ಯಾಕಾಶವೇಕೆ ಎಂಬ ಪ್ರಶ್ನೆ ಅಂದೂ ಇತ್ತು. ವಿಕ್ರಮ್ ಸಾರಾಭಾಯಿಯವರ ಉತ್ತರ ಸ್ಪಷ್ಟವಾಗಿತ್ತು. ಚಂದ್ರನ ಮೇಲೋ ಗ್ರಹಗಳ ಮೇಲೋ ಶ್ರೀಮಂತ ರಾಷ್ಟ್ರಗಳೊಡನೆ ಪೈಪೋಟಿ ನಡೆಸುವ ಭ್ರಮೆ ನಮಗಿಲ್ಲ. ಆದರೆ ಮನುಷ್ಯನ, ಸಮಾಜದ ನೈಜ ಸಮಸ್ಯೆಗಳಿಗೆ ಉನ್ನತ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಎರಡನೆಯವರಾಗಬಾರದು ಎಂಬುದು ಅವರ ನಿಲುವಿನ ಸಾರ. ಈ ನಿಲುವು ಏನು ಮಾಡಬೇಕೆಂಬುದನ್ನು ಹೇಳುವುದರ ಜೊತೆಗೆ ಏನು ಮಾಡಬಾರದೆಂಬುದನ್ನೂ ಹೇಳುತ್ತದೆ. ಗುರಿಯೆನ್ನುವುದು ಬೇಲಿಯೂ ಆಗಬೇಕು. ಇಲ್ಲದಿದ್ದರೆ ಅದು ಘೋಷಣೆಯಾಗಿ ಉಳಿಯುತ್ತದೆ.

ಈ ನಿಲುವು ನೆಲಕ್ಕೆ ಇಳಿದ ಬಗೆಗೆ ನಮ್ಮ ಉತ್ತರ ಕರ್ನಾಟಕವೇ ಸಾಕ್ಷಿ. 1975-76ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಟೆಲಿವಿಷನ್ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗ ನಡೆಯಿತು. ಇಂದಿನ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿನ ಮಹಡಿ ಮನೆಗಳು ದೂರದರ್ಶನವನ್ನು ಕಾಣುವ ಮೊದಲೇ ಆ ಹಳ್ಳಿಗಳ ಜನ ಅದನ್ನು ಕಂಡಿದ್ದರು. ತನ್ನದೇ ಉಪಗ್ರಹ ಸಿದ್ಧವಾಗುವವರೆಗೆ ಕಾಯದೆ, ಅದನ್ನು ಯಾವುದಕ್ಕೆ ಬಳಸಬೇಕು ಎಂಬುದನ್ನು ಮೊದಲೇ ಕಲಿತುಕೊಂಡ ಜಾಣತನ ಅದು.

1971ರ ಡಿಸೆಂಬರ್ 30ರಂದು ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ವಯಸ್ಸು ಕೇವಲ 52. ಒಬ್ಬ ವ್ಯಕ್ತಿಯ ಸುತ್ತ ಬೆಳೆದ ಸಂಸ್ಥೆ ಆ ವ್ಯಕ್ತಿಯೊಂದಿಗೇ ಮುಗಿದುಹೋದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಂ. ಜಿ. ಕೆ. ಮೆನನ್ ಕೆಲ ತಿಂಗಳು ಹೊಣೆ ಹೊತ್ತ ನಂತರ, 1972ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅಧ್ಯಕ್ಷರಾದರು. ಅವರು ಮುಂದಿಟ್ಟ ಷರತ್ತುಗಳು ಪ್ರಸಿದ್ಧವಾಗಿವೆ: ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಬೆಂಗಳೂರಿನಲ್ಲಿರಬೇಕು, ತಾನು ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯಬೇಕು. ಇವು ಹುದ್ದೆಯ ಸೌಕರ್ಯಕ್ಕಾಗಿ ಕೇಳಿದ ಷರತ್ತುಗಳಂತೆ ಕಾಣಬಹುದು. ಪರಿಣಾಮ ಮಾತ್ರ ದೂರಗಾಮಿಯಾಗಿತ್ತು. ಕೆಲಸ ನಡೆಯುವ ಊರಿನಲ್ಲಿಯೇ ನಿರ್ಧಾರವೂ ಆಗುವಂತಾಯಿತು.

ಅದೇ ವರ್ಷ ಬಾಹ್ಯಾಕಾಶ ಆಯೋಗ ಹಾಗೂ ಬಾಹ್ಯಾಕಾಶ ಇಲಾಖೆ ರಚನೆಯಾದವು. ಆಯೋಗದ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ, ಇಸ್ರೊ ಮುಖ್ಯಸ್ಥ ಈ ಮೂರೂ ಹೊಣೆಗಳು ಒಬ್ಬರಲ್ಲೇ ಕೂಡಿದವು. ಎಚ್‌ಎಂಟಿಯ ಅಧ್ಯಕ್ಷ ತನ್ನ ಪ್ರಸ್ತಾವವನ್ನು ಇಲಾಖೆಗೆ ಬರೆದು ಕಾಯಬೇಕಿತ್ತು. ಇಸ್ರೊದ ಅಧ್ಯಕ್ಷನೇ ಇಲಾಖೆಯಾಗಿದ್ದ, ಪ್ರಧಾನಿಗೆ ನೇರವಾಗಿ ಉತ್ತರ ಹೇಳಬೇಕಾದವನೂ ಅವನೇ ಆಗಿದ್ದ. ಅಧಿಕಾರವೂ ಉತ್ತರದಾಯಿತ್ವವೂ ಒಂದೇ ಮೇಜಿನ ಮೇಲಿದ್ದರೆ ಕಡತಕ್ಕೆ ಅಡಗಿಕೊಳ್ಳಲು ಜಾಗವಿರುವುದಿಲ್ಲ.

ನಾಯಕತ್ವದ ನಿಜವಾದ ಪರೀಕ್ಷೆ ಸೋಲಿನಲ್ಲಿ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್ಎಲ್‌ವಿ-3 ರಾಕೆಟ್ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಹೊಣೆ ಹೊತ್ತಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ. ಅಂದು ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆಯನ್ನು ಹೊತ್ತವರು ಧವನ್. ಮರುವರ್ಷ, 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿಯನ್ನು ನೀವೇ ನಡೆಸಿ ಎಂದು ಕಲಾಂ ಅವರನ್ನು ಮುಂದೆ ಬಿಟ್ಟವರೂ ಧವನ್. ರಾಷ್ಟ್ರಪತಿಯಾದ ಮೇಲೂ ಕಲಾಂ ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು.

ನಾವು ಈ ಕಥೆಯನ್ನು ಧವನ್ ಅವರ ದೊಡ್ಡತನದ ನಿದರ್ಶನವಾಗಿ ಮಾತ್ರ ಹೇಳುತ್ತಾ ಬಂದಿದ್ದೇವೆ. ಅದು ದೊಡ್ಡತನ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅದೊಂದು ಕಾರ್ಯಪದ್ಧತಿ. ಸೋತರೆ ತಲೆದಂಡವಿಲ್ಲ ಎಂಬ ಭರವಸೆಯಿದ್ದರೆ ಮಾತ್ರ ಕಿರಿಯ ಎಂಜಿನಿಯರ್ ‘ಈ ಕವಾಟದಲ್ಲಿ ದೋಷವಿದೆ’ ಎಂದು ಬಾಯಿಬಿಡುತ್ತಾನೆ. ಆ ಭರವಸೆ ಇಲ್ಲದ ಕಚೇರಿಯಲ್ಲಿ ಎಲ್ಲ ವರದಿಗಳೂ ‘ತೃಪ್ತಿಕರ’ವಾಗಿಯೇ ಇರುತ್ತವೆ, ಕಾರ್ಖಾನೆ ಮುಚ್ಚುವ ಹಿಂದಿನ ದಿನದವರೆಗೂ. 1987 ಮತ್ತು 1988ರಲ್ಲಿ ಎಎಸ್ಎಲ್‌ವಿ ರಾಕೆಟ್ ಎರಡು ಬಾರಿ ವಿಫಲವಾದಾಗ ಅಧ್ಯಕ್ಷರಾಗಿದ್ದವರು ಉಡುಪಿ ಸಮೀಪದ ಅದಮಾರಿನ ಯು. ಆರ್. ರಾವ್, ಪೀಣ್ಯದ ಷೆಡ್ಡುಗಳಲ್ಲಿ ಬಹುಪಾಲು ಇಪ್ಪತ್ತರ ಹರೆಯದವರೇ ಇದ್ದ ತಂಡದಿಂದ ಆರ್ಯಭಟ ಉಪಗ್ರಹವನ್ನು ಕಟ್ಟಿಸಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದವರು. ರಾವ್ ಯೋಜನೆಯನ್ನು ಕೈಬಿಡಲಿಲ್ಲ, ಯಾರನ್ನೂ ಬಲಿಗೊಡಲಿಲ್ಲ. 1993ರ ಸೆಪ್ಟೆಂಬರ್‌ನಲ್ಲಿ ಪಿಎಸ್ಎಲ್‌ವಿಯ ಮೊದಲ ಹಾರಾಟವೂ ಸೋತಿತು. 1994ರ ಅಕ್ಟೋಬರ್ 15ರಂದು ಎರಡನೆಯದು ಗೆದ್ದಿತು. ಅದೇ ರಾಕೆಟ್ 2008ರಲ್ಲಿ ಚಂದ್ರಯಾನವನ್ನೂ, 2013ರಲ್ಲಿ ಮಂಗಳಯಾನವನ್ನೂ ಹೊತ್ತೊಯ್ದಿತು.

ಇನ್ನೂ ದೀರ್ಘವಾದ ತಾಳ್ಮೆಯ ಕಥೆ ಕ್ರಯೋಜನಿಕ್ ಎಂಜಿನ್‌ನದು. 1990ರ ದಶಕದ ಆರಂಭದಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ ಆ ತಂತ್ರಜ್ಞಾನವನ್ನು ಕೊಡಲು ಹಿಂಜರಿಯಿತು. ಸ್ವದೇಶಿ ಎಂಜಿನ್ ಹೊತ್ತ ಜಿಎಸ್ಎಲ್‌ವಿ 2010ರಲ್ಲಿ ಸಮುದ್ರಕ್ಕೆ ಬಿತ್ತು. 2014ರ ಜನವರಿ 5ರಂದು ಯಶಸ್ವಿಯಾಯಿತು. ಎರಡು ದಶಕಗಳ ಈ ಹಾದಿಯಲ್ಲಿ ಸರ್ಕಾರಗಳು ಬದಲಾದವು, ಅಧ್ಯಕ್ಷರು ಬದಲಾದರು, ದಿಕ್ಕು ಬದಲಾಗಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರನ ಮೇಲಿಳಿಯಬೇಕಿದ್ದ ವಿಕ್ರಮ್ ನೌಕೆ ಅಪ್ಪಳಿಸಿತು. ಆ ನಂತರ ಎಲ್ಲವೂ ಸರಿಯಾದರೆ ಹೇಗೆ ಎಂಬುದರ ಬದಲು ಯಾವುದು ಯಾವುದು ತಪ್ಪಬಹುದು ಎಂಬ ಪ್ರಶ್ನೆಯಿಂದ ಹೊರಟು ವಿನ್ಯಾಸವನ್ನು ತಿದ್ದಲಾಯಿತು. 2023ರ ಆಗಸ್ಟ್ 23ರ ಸಂಜೆ ಅದರ ಫಲವನ್ನು ದೇಶವೇ ಕಂಡಿತು.

ಇಷ್ಟಾಗಿ, ಈ ಹೋಲಿಕೆ ನ್ಯಾಯವೇ ಎಂಬ ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವುದು ಸರಿಯಲ್ಲ. ಇಸ್ರೊಗೆ ಬೊಕ್ಕಸದ ಹಣವಿತ್ತು, ಗಿರಾಕಿಯ ಕಾಟವಿರಲಿಲ್ಲ. ಎಚ್‌ಎಂಟಿಯಾದರೋ ಸಂತೆಯಲ್ಲಿ ನಿಂತು ಮಾರಬೇಕಿತ್ತು. ರಾಕೆಟ್ ಸೋತರೆ ಮುಂದಿನ ವರ್ಷದ ಬಜೆಟ್ ಬರುತ್ತದೆ, ಗಡಿಯಾರ ಮಾರಾಟವಾಗದಿದ್ದರೆ ಸಂಬಳವೇ ನಿಲ್ಲುತ್ತದೆ. ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ಮಾರುಕಟ್ಟೆ ಕಲಿಸುವ ಪಾಠ ಕ್ರೂರ, ಅದಕ್ಕೆ ಕಾಯುವ ತಾಳ್ಮೆಯಿಲ್ಲ.

ಆದರೆ ಬೊಕ್ಕಸದ ಹಣವೊಂದೇ ಯಶಸ್ಸನ್ನು ತರುವುದಿಲ್ಲ ಎಂಬುದಕ್ಕೂ ಬೆಂಗಳೂರಿನಲ್ಲೇ ನಿದರ್ಶನವಿದೆ. ಯುದ್ಧವಿಮಾನಕ್ಕೆಂದು 1989ರಲ್ಲಿ ಮಂಜೂರಾದ ಕಾವೇರಿ ಜೆಟ್ ಎಂಜಿನ್ ಯೋಜನೆಗೂ ಸರ್ಕಾರವೇ ಹಣ ಕೊಟ್ಟಿತು, ಅಲ್ಲಿಯೂ ಪ್ರತಿಭಾವಂತರಿದ್ದರು. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಬೇಕಾಯಿತು. ಜೆಟ್ ಎಂಜಿನ್ ತಯಾರಿಕೆ ಜಗತ್ತಿನಲ್ಲೇ ಬೆರಳೆಣಿಕೆಯ ದೇಶಗಳಿಗೆ ಒಲಿದ ವಿದ್ಯೆ ಎಂಬುದನ್ನು ಮರೆಯಬಾರದು. ಆದರೂ ಹಣ ಮತ್ತು ಪ್ರತಿಭೆ ಎರಡೂ ಇದ್ದ ಮಾತ್ರಕ್ಕೆ ಗುರಿ ತಲುಪಲಾಗದು ಎಂಬ ಪಾಠ ಅಲ್ಲಿದೆ. ಮತ್ತೊಂದು ಕಡೆಯಿಂದ ನೋಡಿದರೆ, ತನ್ನ ಮೊದಲ ಎರಡು ದಶಕಗಳಲ್ಲಿ ಎಚ್‌ಎಂಟಿ ಅದೇ ಸರ್ಕಾರದ ಒಡೆತನದಲ್ಲೇ ಲಾಭ ಗಳಿಸಿತು, ಬೆಳೆಯಿತು. ಒಡೆತನ ಬದಲಾಗಲಿಲ್ಲ. ಬದಲಾದದ್ದು ಗುರಿಯ ಸ್ಪಷ್ಟತೆ, ನಾಯಕನಿಗಿದ್ದ ಅವಕಾಶ, ಬೇಡ ಎನ್ನುವ ಧೈರ್ಯ.

ಇಸ್ರೊ ಕೂಡ ಕಳಂಕವಿಲ್ಲದ ಸಂಸ್ಥೆಯೇನಲ್ಲ. ಅದರ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ 2005ರಲ್ಲಿ ದೇವಾಸ್ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದ 2011ರಲ್ಲಿ ರದ್ದಾಯಿತು. ಅದರ ಬಾಲ ದೇಶ-ವಿದೇಶಗಳ ನ್ಯಾಯಾಲಯಗಳವರೆಗೂ ಚಾಚಿತು. ಅಧಿಕಾರವೆಲ್ಲ ಒಂದೆಡೆ ಕೂಡಿದಾಗ ಹೊರಗಿನ ಕಣ್ಣೂ ಅಷ್ಟೇ ತೀಕ್ಷ್ಣವಾಗಿರಬೇಕು ಎಂಬ ಎಚ್ಚರಿಕೆ ಅದು. 2025ರ ಮೇ 18ರಂದು, ಬಹುಕಾಲದ ನಂಬಿಕಸ್ಥ ಪಿಎಸ್ಎಲ್‌ವಿಯೇ ಮೂರನೆಯ ಹಂತದಲ್ಲಿ ಕೈಕೊಟ್ಟಿತು. 2020ರಿಂದೀಚೆಗೆ ಬಾಹ್ಯಾಕಾಶ ಕ್ಷೇತ್ರ ಖಾಸಗಿಯವರಿಗೂ ತೆರೆದಿದೆ. ಎಲ್ಲವನ್ನೂ ತಾನೇ ಮಾಡುವ ಕಾಲ ಮುಗಿದು, ಯಾವುದನ್ನು ತಾನು ಮಾಡಬೇಕು, ಯಾವುದನ್ನು ಇತರರಿಗೆ ಬಿಡಬೇಕು ಎಂದು ನಿರ್ಧರಿಸುವ ಕಾಲ ಇಸ್ರೊಗೂ ಬಂದಿದೆ. 1980ರ ದಶಕದಲ್ಲಿ ಎಚ್‌ಎಂಟಿಯ ಮುಂದಿದ್ದ ಪ್ರಶ್ನೆ ಬೇರೆ ರೂಪದಲ್ಲಿ ಇಂದು ಇಸ್ರೊದ ಮುಂದಿದೆ. ಹಿಂದಿನ ಯಶಸ್ಸು ಅದಕ್ಕೆ ಉತ್ತರವಾಗಲಾರದು. ಯಶಸ್ಸಿನ ಅಮಲಿನಲ್ಲಿ ಎಡವಿದವರ ನೆಲವೇ ತನ್ನ ಸ್ವಾಧೀನದಲ್ಲಿದೆ ಎಂಬುದನ್ನು ಅದು ಮರೆಯದಿರಲಿ.

2024ರಲ್ಲಿ ಎಚ್‌ಎಂಟಿ ಮತ್ತೆ ಸುದ್ದಿಯಲ್ಲಿತ್ತು. ಕೇಂದ್ರ ಬೃಹತ್ ಕೈಗಾರಿಕಾ ಸಚಿವರಾದ ಎಚ್. ಡಿ. ಕುಮಾರಸ್ವಾಮಿ ಸಂಸ್ಥೆಗೆ ಮರುಜೀವ ನೀಡುವ ಮಾತನಾಡಿದರು. ಅದೇ ವರ್ಷ ರಾಜ್ಯದ ಅರಣ್ಯ ಇಲಾಖೆ, ಎಚ್‌ಎಂಟಿಯ ವಶದಲ್ಲಿರುವ ಪೀಣ್ಯ-ಜಾಲಹಳ್ಳಿಯ ಭೂಮಿ ಅರಣ್ಯವೆಂದು ಹಕ್ಕು ಮಂಡಿಸಿತು. ಎರಡೂ ವಾದಗಳಿಗೆ ಅವುಗಳದೇ ಸಮರ್ಥನೆ ಇರಬಹುದು. ಗಮನಿಸಬೇಕಾದುದು ಚರ್ಚೆಯೆಲ್ಲ ಎಕರೆಗಳ ಸುತ್ತ, ಕೋಟಿಗಳ ಸುತ್ತ ನಡೆಯಿತು ಎಂಬುದನ್ನು. ಎಷ್ಟು ಹಣ ಕೊಟ್ಟರೆ ಎಚ್‌ಎಂಟಿ ಬದುಕೀತು ಎಂದು ಕೇಳುವ ಮೊದಲು, ಬದುಕಿ ಏನು ಮಾಡಬೇಕು ಎಂದು ಕೇಳಬೇಕಲ್ಲವೇ? ಇಂದಿನ ದೇಶಕ್ಕೆ ಯಾವ ಯಂತ್ರ ಬೇಕು, ಅದನ್ನು ಹೊರಗಿನಿಂದ ತರಿಸಿಕೊಳ್ಳುವುದಕ್ಕಿಂತ ಇಲ್ಲಿ ಮಾಡುವುದು ಏಕೆ ಮೇಲು, ಅದರ ಹೊಣೆ ಹೊರುವವರು ಯಾರು, ಅವರಿಗೆ ಎಷ್ಟು ವರ್ಷಗಳ ಅವಕಾಶ? ಧವನ್ 12 ವರ್ಷ, ರಾವ್ 10 ವರ್ಷ, ಕಸ್ತೂರಿರಂಗನ್ ಸುಮಾರು 9 ವರ್ಷ ಇಸ್ರೊವನ್ನು ಮುನ್ನಡೆಸಿದರು. ಮರ ನೆಟ್ಟವನಿಗೆ ಹಣ್ಣು ಕಾಣುವಷ್ಟು ಕಾಲ ಸಿಕ್ಕಿತು. ನಿವೃತ್ತಿಯ ಅಂಚಿನಲ್ಲಿರುವವರನ್ನು ತಂದು ಕೂರಿಸುವ, ಹುದ್ದೆಯನ್ನು ತಿಂಗಳುಗಟ್ಟಲೆ ಹೆಚ್ಚುವರಿ ಹೊಣೆಯಲ್ಲೇ ನಡೆಸುವ ಪರಿಪಾಠ ಇರುವಲ್ಲಿ ಯಾವ ಪುನಶ್ಚೇತನ ಪ್ಯಾಕೇಜೂ ಫಲ ಕೊಡಲಾರದು.

ಈ ಮಾತು ಕಾರ್ಖಾನೆಗಳಿಗಷ್ಟೇ ಸೀಮಿತವೂ ಅಲ್ಲ. ಎರಡೂ ಸಂಸ್ಥೆಗಳನ್ನು ಹೆತ್ತ ಈ ಮಹಾನಗರವನ್ನೇ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಐದು ವರ್ಷ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಯಲ್ಲೇ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯಿತು. ನೀರಿಗೊಂದು ಮಂಡಳಿ, ಬಸ್ಸಿಗೊಂದು ನಿಗಮ, ಮೆಟ್ರೊಗೊಂದು ಕಂಪನಿ, ಬಡಾವಣೆಗೊಂದು ಪ್ರಾಧಿಕಾರ ಮೊದಲೇ ಇದ್ದವು. ರಸ್ತೆ ಅಗೆದವರು ಯಾರು, ಮುಚ್ಚಬೇಕಾದವರು ಯಾರು ಎಂದು ಮಳೆಗಾಲದಲ್ಲಿ ಗುಂಡಿಯ ಮುಂದೆ ನಿಂತ ನಾಗರಿಕನಿಗೆ ತಿಳಿಯುವುದಿಲ್ಲ. ಸಂಸ್ಥೆಗಳ ಸಂಖ್ಯೆಯನ್ನು ಹೆಚ್ಚಿಸುವುದೋ ಕಡಿಮೆ ಮಾಡುವುದೋ ಎರಡನೆಯ ಪ್ರಶ್ನೆ. ಹತ್ತು ವರ್ಷಗಳ ನಂತರ ಈ ಊರು ಹೇಗಿರಬೇಕು ಎಂಬುದಕ್ಕೆ ಒಂದು ವಾಕ್ಯದ ಉತ್ತರ ಕೊಡಬಲ್ಲ, ಆ ಉತ್ತರಕ್ಕೆ ತಾನೇ ಹೊಣೆಗಾರನೆಂದು ನಿಲ್ಲಬಲ್ಲ, ವಿಫಲನಾದರೆ ಜನರ ಮುಂದೆ ಕುಳಿತು ವಿವರಿಸಬಲ್ಲ ಒಬ್ಬರು ಇದ್ದಾರೆಯೇ ಎಂಬುದು ಮೊದಲ ಪ್ರಶ್ನೆ.

ನಾಯಕತ್ವವೆಂದರೆ ಮಹಾಪುರುಷರಿಗಾಗಿ ಕಾಯುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ಸಾರಾಭಾಯಿ ಅಸಾಮಾನ್ಯರಾಗಿದ್ದರು ನಿಜ. ಆದರೆ ಅವರು ತೀರಿಕೊಂಡ ಮೇಲೂ ಇಸ್ರೊ ಬೆಳೆದದ್ದು ಮತ್ತೊಬ್ಬ ಸಾರಾಭಾಯಿ ಸಿಕ್ಕಿದರೆಂದಲ್ಲ. ಸ್ವಭಾವದಲ್ಲಿ ಒಬ್ಬರಿಗಿಂತ ಒಬ್ಬರು ಭಿನ್ನರಾದವರು ಒಂದೇ ದಿಕ್ಕಿನಲ್ಲಿ ನಡೆಯಲು ಅನುವಾಗುವಂತೆ ದಾರಿ ಹಾಕಿದ್ದರಿಂದ, ಸೋಲನ್ನು ಬಚ್ಚಿಡದ ರೂಢಿ ಬೆಳೆಸಿದ್ದರಿಂದ, ನಿರ್ಧಾರ ಮತ್ತು ಹೊಣೆಯನ್ನು ಬೇರೆ ಮಾಡದಿದ್ದರಿಂದ. ಎಚ್‌ಎಂಟಿಯಲ್ಲಿಯೂ ಒಳ್ಳೆಯ ನಾಯಕರಿದ್ದರು. ಅವರು ಹೋದ ಮೇಲೆ ದಾರಿ ಉಳಿಯಲಿಲ್ಲ.

ಇಂದಿಗೂ ಎಷ್ಟೋ ಮನೆಗಳ ಕಪಾಟಿನಲ್ಲಿ ಅಪ್ಪನದೋ ಅಜ್ಜನದೋ ಎಚ್‌ಎಂಟಿ ಗಡಿಯಾರವೊಂದು ಸುಮ್ಮನೆ ಕುಳಿತಿರುತ್ತದೆ. ತೆಗೆದು ನಾಲ್ಕು ಸುತ್ತು ಕೀಲಿ ಕೊಟ್ಟರೆ ಅದು ಮತ್ತೆ ನಡೆಯತೊಡಗುತ್ತದೆ. ಅದನ್ನು ಮಾಡಿದ ಕೈಗಳಲ್ಲಿ ಯಾವ ದೋಷವೂ ಇರಲಿಲ್ಲ. ಕೀಲಿ ಕೊಡಬೇಕಾದವರು ಮರೆತಿದ್ದರು, ಅಷ್ಟೇ.